ಹಿರೇಬೆಣಕಲ್ ಗುಡ್ಡ ಹತ್ತುವವರಿಗೆ ಮೊದಲ ಮಾತು: ನೀರು ಜಾಸ್ತಿ ಒಯ್ಯಿರಿ

ಅಕ್ಕನ ಮಗ ಪಿಯುಸಿ ಭೂಗೋಳ ಬಾಯಿಪಾಠ ಮಾಡುತ್ತಿದ್ದ. ಶಿಲಾ ಶಿಥಿಲೀಕರಣ (ಬಿಸಿಲು, ಮಳೆಗೆ ಕಲ್ಲು ಬಿರಿದು ಸಡಿಲಾಗುವುದು), ವಲಸೆ, ನೀರಾವರಿ. "ಮಾಮಾ, ಒಂದೂ ತಲೆಗೆ ಹತ್ತವಲ್ದು" ಅಂದ. ಸರಿ ಬಾ ಅಂತ ಭಾನುವಾರ ಬೈಕ್‌ನಲ್ಲಿ ಕೂರಿಸಿಕೊಂಡು ಹೊರಟೆ. ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಹಿರೇಬೆಣಕಲ್ ಊರು ಸುಮಾರು 10 ಕಿ.ಮೀ., ಅಲ್ಲಿನ ಗುಡ್ಡದ ಮೇಲೆ ಬಹಳ ಹಳೆಯ ಕಲ್ಲುಮನೆಗಳಿವೆ.

ಮಿರ್ಚಿ ಮಂಡಕ್ಕಿ ತಿನ್ನುತ್ತ ಕೂತು ಗುಡ್ಡ ಹತ್ತುವಾಗ ಒಂಬತ್ತಾಗಿತ್ತು. ಇಬ್ಬರಿಗೂ ಸೇರಿ ಒಂದೇ ಲೀಟರ್ ನೀರು. ನೀವು ಹಾಗೆ ಮಾಡಬೇಡಿ, ಆರಕ್ಕೇ ಹತ್ತಿ, ತಲೆಗೆ ಎರಡು ಲೀಟರ್ ಇರಲಿ. ಕಾಲುದಾರಿ ಕವಲೊಡೆದಲ್ಲಿ ನಾವು ಸೀದಾ ಮುಳ್ಳುಕಂಟಿಗೆ ನುಗ್ಗಿದ್ದೆವು. ಕುರಿ ಕಾಯುವ ಅಜ್ಜ ಒಬ್ಬರು "ಮೊರೇರ ಗುಡ್ಡಕ್ಕೇನು? ಹಿಂದಕ್ಕ ಹೋಗ್ರಿ" ಅಂತ ದಾರಿಗೆ ಹಚ್ಚಿದರು. ಈ ಗುಡ್ಡಕ್ಕೆ ಊರವರು ಕರೆಯುವ ಹೆಸರು ಅದು. ಊರಿನವರೊಬ್ಬರನ್ನು ಕರೆದುಕೊಂಡು ಹೋಗುವುದೇ ಒಳ್ಳೆಯದು.

ಮೇಲೆ ಒಂದು ಬಂಡೆಯ ಹತ್ತಿರ ಹುಡುಗ ನಿಂತುಬಿಟ್ಟ. ಗೇಣು ದಪ್ಪದ ಪದರು ಬಂಡೆಯಿಂದ ಬಿಟ್ಟು ಎದ್ದಿತ್ತು, ಥೇಟ್ ಈರುಳ್ಳಿ ಸಿಪ್ಪೆ. ಸಂದಿಯಲ್ಲಿ ಬೆರಳು ಹೋಗುತ್ತಿತ್ತು. ಗ್ರಾನೈಟ್ ಹುಟ್ಟುವುದು ನೆಲದಾಳದಲ್ಲಿ. ಮೇಲಿನ ಮಣ್ಣು, ಕಲ್ಲು ಸವೆದು ಹೋದ ಹಾಗೆ ಭಾರ ಇಳಿದು ಬಂಡೆ ಹಿಗ್ಗುತ್ತದೆ, ಪದರು ಪದರಾಗಿ ಬಿರಿಯುತ್ತದೆ. ಹಗಲಿನ ಬಿಸಿಲು, ರಾತ್ರಿಯ ತಂಪು, ಮಳೆನೀರು ಎಲ್ಲ ಸೇರಿ ಆ ಬಿರುಕನ್ನು ಇನ್ನಷ್ಟು ಅಗಲ ಮಾಡುತ್ತವೆ. ಹತ್ತು ಹೆಜ್ಜೆ ಮುಂದೆ ಹೋದರೆ ಅಂಥವೇ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಹೊದಿಸಿ, ಒಂದು ಬದಿಗೆ ದುಂಡನೆ ಕಿಂಡಿ ಕೊರೆದ ಕಲ್ಲುಮನೆಗಳು. ಎರಡು ಸಾವಿರ ವರ್ಷಕ್ಕೂ ಹಳೆಯವು, ಸತ್ತವರಿಗಾಗಿ ಕಟ್ಟಿದವು. ಹೀಗೆ ಬೇರೆಬೇರೆ ಬಗೆಯ ಸುಮಾರು 400 ಇವೆಯಂತೆ. "ಕಲ್ಲನ್ನ ಬಿಸಿಲೇ ಅರ್ಧ ಸೀಳಿ ಕೊಟ್ಟೈತಲ್ಲ ಮಾಮಾ" ಅಂದ. ಭೌತ ಭೂಗೋಳ ಎಲ್ಲಿ ಮುಗಿದು ಮಾನವ ಭೂಗೋಳ ಎಲ್ಲಿ ಶುರುವಾಯಿತು ಅಂತ ನಾನು ಹೇಳಬೇಕಾಗಲಿಲ್ಲ.

ಇಳಿದ ಮೇಲೆ ಸುಮ್ನೆ ಮನೆಗೆ ಹೋಗಬೇಡಿ, ಗಂಗಾವತಿ ಕಡೆ ಗದ್ದೆಗಳ ನಡುವೆ ಒಂದು ಸುತ್ತು ಹಾಕಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂತು. ಆಮೇಲೆ ಆಂಧ್ರದಿಂದ ರೈತರು ಬಂದು ನೆಲೆಸಿದರು, ಅವರ ಊರುಗಳ ಹೆಸರಲ್ಲಿ ಇವತ್ತಿಗೂ 'ಕ್ಯಾಂಪ್' ಅಂತಲೇ ಇದೆ. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಜೋಳ, ಸಜ್ಜೆ, ಮಳೆ ಬಂದರೆ ಬೆಳೆ. ವಲಸೆ ಪಾಠಕ್ಕೆ ಇಷ್ಟು ಸಾಕಲ್ವಾ?

ಗದ್ದೆ ಹಸಿರು ನೋಡಬೇಕೆಂದರೆ ಅಕ್ಟೋಬರ್ ಹೊತ್ತಿಗೆ ಹೋಗಿ. ಬೇಸಿಗೆಯಲ್ಲಿ ಬಂಡೆ ಕಾದ ಹಂಚಾಗಿರುತ್ತದೆ. ಚಪ್ಪಲಿ ಬೇಡ, ಶೂ ಹಾಕಿ. ಮೇಲೆ ನಗಾರಿಯಂಥ ದೊಡ್ಡ ಗುಂಡು ಇದೆ, ಬಡಿದರೆ ಸದ್ದು ಬರುತ್ತದೆ ಅಂತ ಕಲ್ಲು ಎತ್ತಿಕೊಳ್ಳಬೇಡಿ, ಬಡಿದು ಬಡಿದು ಅದೂ ಸವೆಯುತ್ತದೆ.