ಹಳೇ ಬಂಕಿನ ಟ್ಯಾಂಕ್ ಎತ್ತಿದ ಮೇಲೆ ಯಾವ ಮಣ್ಣನ್ನು ಲ್ಯಾಬಿಗೆ ಕಳಿಸಬೇಕು?

ಮಂಡ್ಯ ಕಡೆ ನೆಲದಡಿಯ ಪೆಟ್ರೋಲ್ ಟ್ಯಾಂಕ್ ತೆಗೆಸುವವರು ಮೊದಲು ನೋಡಬೇಕಾದ್ದು ನಾಲೆಯಲ್ಲಿ ನೀರಿದೆಯೋ ಇಲ್ಲವೋ ಅಂತ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ನೀರು ಬಿಟ್ಟಾಗ ಗುಂಡಿಗೂ ನೀರು ಬರುತ್ತದೆ. ಖಾಲಿ ಮಾಡಿದ 20 ಸಾವಿರ ಲೀಟರಿನ ಟ್ಯಾಂಕ್ ಪೂರ್ತಿ ಮುಳುಗಿದರೆ ನೀರು ಅದನ್ನು ಸುಮಾರು 20 ಟನ್ ಬಲದಲ್ಲಿ ಮೇಲಕ್ಕೆ ದಬ್ಬುತ್ತದೆ. ಮೇಲಿನ ಕಾಂಕ್ರೀಟ್ ಒಡೆದದ್ದೇ ತಡ, ಪೈಪುಗಳನ್ನು ಕಿತ್ತುಕೊಂಡು ತಾನೇ ಎದ್ದುಬಿಡಬಹುದು. ನಾಲೆ ನಿಂತ ಬೇಸಿಗೆಯಲ್ಲೇ ಮಾಡಿಸಿ. ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ) ಲೈಸೆನ್ಸಿನ ಕಾಗದಪತ್ರ ಅದಕ್ಕೂ ಮುಂಚೆಯೇ ಮುಗಿದಿರಲಿ.

ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿ ಸಾಕು. ತಳದ ಗಸಿಯನ್ನೂ ಹೀರಿಸಿದ ಮೇಲೆ 1,000 ಲೀಟರಿಗೆ 2ರಿಂದ 2.5 ಕೆ.ಜಿ. ಲೆಕ್ಕದಲ್ಲಿ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಪುಡಿ ಮಾಡಿ ತಳದುದ್ದಕ್ಕೂ ಹರಡಿ; ಅದು ಅನಿಲವಾಗಿ ಒಳಗಿನ ಆಕ್ಸಿಜನನ್ನು ಹೊರದಬ್ಬುತ್ತದೆ. ಆವಿ ಹೊರಹೋಗುವ ವೆಂಟ್ ಪೈಪ್ ಬಿಟ್ಟು ಉಳಿದ ಬಾಯಿಗಳನ್ನು ಮುಚ್ಚಿ. ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡನ್ನು ರಭಸವಾಗಿ ಬಿಡಬೇಡಿ, ಸ್ಥಿರವಿದ್ಯುತ್ತಿನ ಕಿಡಿ ಹಾರುತ್ತದೆ. ಆಮೇಲೆ ಮೇಲೆ, ನಡುವೆ, ತಳದಲ್ಲಿ ಆಕ್ಸಿಜನ್ ಅಳೆಯಿರಿ. ಮೂರೂ ಕಡೆ ಶೇ 8ಕ್ಕಿಂತ ಕೆಳಗಿರಬೇಕು. ಆವಿ ಅಳೆಯುವ ಮಾಮೂಲಿ ಗ್ಯಾಸ್ ಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ಅದರ ಸೆನ್ಸರ್ ಕೆಲಸ ಮಾಡಲಿಕ್ಕೇ ಆಕ್ಸಿಜನ್ ಬೇಕು, ಇಲ್ಲದಾಗ ಆವಿ ಇದ್ದರೂ ಕಡಿಮೆ ತೋರಿಸುತ್ತದೆ. ಒಳಗೆ ಯಾರನ್ನೂ ಇಳಿಸಬೇಡಿ.

ಟ್ಯಾಂಕ್ ಮೇಲೆ ಬಂದ ಕೂಡಲೇ ಗುಜರಿಗೆ ಸಾಗಿಸುವ ಅವಸರ ಬೇಡ. ಮಣ್ಣು ಕೆರೆದು, ಡಿಪ್ ಪೈಪಿನ (ಎಣ್ಣೆಯ ಮಟ್ಟ ಅಳೆಯುವ ರಾಡ್ ಇಳಿಸುವ ಪೈಪ್) ನೇರ ಕೆಳಗಿನ ತಳವನ್ನು ನೋಡಿ. ಡಿಪ್ ರಾಡ್ ವರ್ಷಗಟ್ಟಲೆ ಒಂದೇ ಜಾಗಕ್ಕೆ ಕುಟ್ಟಿ ತಗಡು ಸವೆದು, ಅಲ್ಲೇ ಮೊಳೆಯ ಗಾತ್ರದ ತೂತು ಬಿದ್ದಿರುವುದುಂಟು. ತೂತು ಸಿಕ್ಕರೆ ಮೊದಲ ಸ್ಯಾಂಪಲ್ ಎಲ್ಲಿಂದ ಅನ್ನುವುದು ತೀರ್ಮಾನವಾದಂತೆ. ಉಳಿದವು ಟ್ಯಾಂಕಿನ ಎರಡೂ ತುದಿ, ಪೈಪಿನ ಜಾಯಿಂಟುಗಳು ಮತ್ತು ಡಿಸ್ಪೆನ್ಸರ್ ಅಡಿಯಿಂದ.

ಹೆಚ್ಚಿನವರು ಕೆಡಿಸುವುದು ಇಲ್ಲಿ. ಟ್ಯಾಂಕಿನ ಸುತ್ತ ತುಂಬಿದ್ದ ಮರಳನ್ನೇ ಲ್ಯಾಬಿಗೆ ಕಳಿಸುತ್ತಾರೆ; ಎಣ್ಣೆ ಮರಳಿನಲ್ಲಿ ನಿಲ್ಲದೆ ಇಳಿದುಹೋಗಿರುತ್ತದೆ. ಮರಳಿನ ಕೆಳಗಿನ ಮೂಲ ಮಣ್ಣನ್ನು ಒಂದೆರಡು ಅಡಿ ಅಗೆದು, ಜೆಸಿಬಿ ಬಕೆಟ್ಟಿನ ನಡುಭಾಗದಿಂದ ತೆಗೆಯಿರಿ. ಐದು ಕಡೆಯದ್ದನ್ನು ಬಾಂಡಲಿಯಲ್ಲಿ ಕಲಸಿ ಒಂದು ಮಾಡಿದರೆ ಪೆಟ್ರೋಲಿನಲ್ಲಿರುವ ವಿಷಕಾರಿ ಬೆಂಜೀನ್ ಅಲ್ಲೇ ಹಾರಿಹೋಗುತ್ತದೆ. ಗಾಜಿನ ಬಾಟಲಿಗೆ ಗಾಳಿ ಉಳಿಯದಂತೆ ತುಂಬಿ, ಟೆಫ್ಲಾನ್ ಮುಚ್ಚಳ ಬಿಗಿದು, 4 ಡಿಗ್ರಿಯ ಐಸ್ ಬಾಕ್ಸಿನಲ್ಲಿ ಕಳಿಸಿ. ಪೆಟ್ರೋಲಿಗೆ ಬಿಟೆಕ್ಸ್ (ಬೆಂಜೀನ್, ಟಾಲ್ವೀನ್, ಈಥೈಲ್‌ಬೆಂಜೀನ್, ಕ್ಸೈಲೀನ್), ಡೀಸೆಲ್‌ಗೆ ಟಿಪಿಎಚ್ (ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್) ಜೊತೆ ನ್ಯಾಫ್ತಲೀನ್ ಪರೀಕ್ಷೆ ಕೇಳಿ. ದೇಶದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ, ಅದಕ್ಕೂ ಹಳೆಯ ಟ್ಯಾಂಕಾದರೆ ಸೀಸವನ್ನೂ ಸೇರಿಸಿ.

ಗದ್ದೆ ಬಯಲಿನಲ್ಲಿ ಗುಂಡಿಯ ನೀರಿನ ಮೇಲೆ ಬಣ್ಣದ ಪೊರೆ ಕಂಡರೆ ಗಾಬರಿ ಬೇಡ, ಕಡ್ಡಿಯಲ್ಲಿ ಕದಡಿ. ಚೂರುಚೂರಾಗಿ ಒಡೆದು ಹಾಗೇ ನಿಂತರೆ ಕಬ್ಬಿಣಾಂಶದ ಪೊರೆ. ಮತ್ತೆ ಕೂಡಿಕೊಂಡರೆ ಎಣ್ಣೆ.

ಮೈಸೂರಿನಲ್ಲಿ ತೊಂದರೆ ಬೇರೆ. ಕೆಂಪು ಮಣ್ಣು ಮುಗಿದರೆ ಸುದ್ದೆ (ಶಿಥಿಲವಾಗಿ ಮೆತ್ತಗಾದ ಬಂಡೆ), ಅದರಡಿ ನೈಸ್ ಎಂಬ ಗಟ್ಟಿಯಾದ, ಬಿರುಕುಬಿಟ್ಟ ಬಂಡೆ. ಗುಂಡಿಯ ಮಣ್ಣು ಶುದ್ಧ ಅಂತ ರಿಪೋರ್ಟ್ ಬಂದರೂ ಎಣ್ಣೆ ಬಿರುಕು ಹಿಡಿದು ಪಕ್ಕದ ಬೋರ್‌ವೆಲ್ ಸೇರಿರಬಹುದು. ಆ ನೀರನ್ನೂ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ.

ಗಸಿ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. ಅಗೆದ ಮಣ್ಣನ್ನು ಟಾರ್ಪಾಲಿನ ಮೇಲೆ ಹಾಕಿ, ಮೇಲೂ ಹೊದಿಸಿಡಿ. ರಿಪೋರ್ಟ್ ಬರುವ ತನಕ ಅದೇ ಗುಂಡಿಗೂ ತುಂಬಬೇಡಿ, ಸೈಟ್ ಎತ್ತರಿಸಲು ಕೇಳಿಕೊಂಡು ಬಂದವರಿಗೂ ಕೊಡಬೇಡಿ.