ಕೆರೆ ನೀರಿನ ರಂಜಕ: ಬೇಸಿಗೆಯ ಲೆಕ್ಕ

ಬೇಸಿಗೆಯ ಪರೀಕ್ಷೆಗಳು ಮುಗಿದವು. ನಮ್ಮ ಬಡಾವಣೆಯ ಕೆರೆಗೆ ಬರುವುದು ಸಂಸ್ಕರಿಸಿದ ಕೊಳಚೆ ನೀರು. ಮೊದಲು ಜೊಂಡು ಬೆಳೆದ ಕುಂಟೆಯಲ್ಲಿ ಹಾದು, ಆಮೇಲೆ ಕೆರೆ ಸೇರುತ್ತದೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿರುವ ಏರ್ಪಾಡೇ, ಆದರೆ ಚಿಕ್ಕದು. ಕೆರೆಯಲ್ಲಿ ಪಾಚಿ ಬೆಳೆಸುವ ರಂಜಕವನ್ನು (ಫಾಸ್ಫರಸ್) ಈ ಕುಂಟೆ ಹಿಡಿದಿಡುತ್ತದೆಯೇ ಎಂದು ನೋಡುತ್ತಿದ್ದೇನೆ.

ರಂಜಕ ಹೆಚ್ಚಿದ್ದಷ್ಟೂ ಪರೀಕ್ಷೆಯ ಕಿಟ್‌ನಲ್ಲಿ ನೀಲಿ ಗಾಢವಾಗುತ್ತದೆ; ಒಳಬರುವ ನೀರು ಕಡು ನೀಲಿಗೆ ತಿರುಗುತ್ತದೆ. ಮಾಮೂಲಿ ಸಂಸ್ಕರಣೆಯಲ್ಲಿ ಕೊಳೆ, ವಾಸನೆ ಹೋಗುತ್ತದೆ. ರಂಜಕ ತೆಗೆಯಲು ಬೇರೆಯೇ ಹಂತ ಬೇಕು. ಜೊಂಡು ಚಿಗುರುತ್ತಿದ್ದಾಗ ಹೊರಹೋಗುವ ನೀರಿನ ನೀಲಿ ತೆಳುವಾಗಿತ್ತು. ಏಪ್ರಿಲ್ ಹೊತ್ತಿಗೆ ಹಳೆ ಜೊಂಡು ಒಣಗಿ ನೀರಿಗೆ ಬಿತ್ತು. ಈಗ ಎರಡು ಕಡೆಯ ನೀರಿಗೂ ಬಣ್ಣದಲ್ಲಿ ವ್ಯತ್ಯಾಸವೇ ಕಾಣುತ್ತಿಲ್ಲ.

ಸಾರಜನಕವಾದರೆ ಬ್ಯಾಕ್ಟೀರಿಯಾಗಳು ಒಂದಷ್ಟನ್ನು ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಆ ದಾರಿ ಇಲ್ಲ. ಗಿಡದಲ್ಲಿರಬೇಕು, ಹೂಳಿನಲ್ಲಿರಬೇಕು, ಇಲ್ಲಾ ನೀರಿನಲ್ಲಿ. ಗಿಡ ಕೊಳೆತರೆ ನೀರಿಗೆ ವಾಪಸ್. ಹೂಳಿನಲ್ಲಿ ಕಬ್ಬಿಣಕ್ಕೆ ಅಂಟಿಕೊಂಡಿದ್ದು ಕೂಡ, ತಳದಲ್ಲಿ ಆಮ್ಲಜನಕ ಮುಗಿದರೆ ಬಿಟ್ಟುಕೊಂಡು ಮೇಲೆ ಬರುತ್ತದೆ. ಹೊಸ ಕೊಳಚೆ ಬರುವುದು ನಿಂತರೂ ಕೆಲವು ಕೆರೆಗಳು ವರ್ಷಗಟ್ಟಲೆ ಹಸಿರಾಗಿಯೇ ಇರುವುದು ಇದಕ್ಕೇ.

ಸ್ವಲ್ಪವೇ ರಂಜಕ ಎಷ್ಟು ಮಾಡಬಲ್ಲದು ಎಂದು ತಿಳಿಯಬೇಕಾದರೆ ಕೆನಡಾದ ಒಂಟಾರಿಯೊದ 226ನೇ ನಂಬರಿನ ಕೆರೆ ನೋಡಬೇಕು. 1973ರಲ್ಲಿ ವಿಜ್ಞಾನಿ ಡೇವಿಡ್ ಶಿಂಡ್ಲರ್ ತಂಡ ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿತು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ರಂಜಕ ಒಂದೇ ಕಡೆ. ಆ ಕಡೆ ಮಾತ್ರ ಪಾಚಿ ಕಟ್ಟಿತು. ಆಕಾಶದಿಂದ ತೆಗೆದ ಆ ಫೋಟೊ ಒಂದಿದ್ದರೆ ಭಾಷಣವೇ ಬೇಡ.

ಹಾಗಾಗಿ ಜೊಂಡನ್ನು ಹಸಿರಿದ್ದಾಗಲೇ ಕೊಯ್ಯಬೇಕು. ಒಣಗುವ ಹೊತ್ತಿಗೆ ಗಿಡ ತನ್ನ ರಂಜಕದ ಒಂದು ಪಾಲನ್ನು ಬೇರಿಗೆ ಇಳಿಸಿಕೊಳ್ಳುತ್ತದೆ, ಕೊಯ್ದರೂ ಲಾಭ ಕಡಿಮೆ. ಕೊಯ್ದಿದ್ದನ್ನು ದಡದಲ್ಲೇ ರಾಶಿ ಹಾಕುವುದಂತೂ ಸುಮ್ನೆ ದಂಡ. ಒಂದು ಮಳೆ ಬಂದರೆ ಸಾಕು, ಸಾರವೆಲ್ಲ ಮತ್ತೆ ಕೆರೆಗೇ.

ರಂಜಕದ ಗೊಬ್ಬರ ತಯಾರಾಗುವುದು ರಾಕ್ ಫಾಸ್ಫೇಟ್ ಎಂಬ ಕಲ್ಲಿನಿಂದ; ನಮ್ಮ ದೇಶ ಅದನ್ನು ಬಹುಪಾಲು ಹೊರಗಿನಿಂದ ತರಿಸುತ್ತದೆ. ಪ್ರಪಂಚದ ನಿಕ್ಷೇಪದಲ್ಲಿ ಸುಮಾರು 70% ಮೊರಾಕ್ಕೊ ಕೈಯಲ್ಲಿದೆ. ಅಲ್ಲಿಂದ ಹಡಗಿನಲ್ಲಿ ಬಂದಿದ್ದು ಡಿಎಪಿ ಗೊಬ್ಬರವಾಗಿ ಹೊಲ ಸೇರಿ, ನಮ್ಮ ತಟ್ಟೆಗೆ ಬಂದು, ಕೊನೆಗೆ ಕೆರೆಯಲ್ಲಿ ಪಾಚಿ ಬೆಳೆಸುತ್ತದೆ. ಹಿಂದಿನವರು ಬೇಸಿಗೆಯಲ್ಲಿ ಕೆರೆ ಗೋಡನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದರು, ಅಲ್ವಾ? ನಗರದ ಹೂಳನ್ನು ಹಾಗೆ ಮಾಡಲು ನನಗೆ ಧೈರ್ಯವಿಲ್ಲ. ಸೀಸ, ಕ್ರೋಮಿಯಂ ಇದ್ದರೆ ಕಷ್ಟ. ಜೊಂಡಿನ ಗೊಬ್ಬರವನ್ನೂ ಪರೀಕ್ಷೆ ಆಗುವವರೆಗೆ ಹೂಗಿಡಗಳಿಗೆ ಮಾತ್ರ ಹಾಕುವುದು.

ಇದೇ ಕೆಲಸಕ್ಕೆ ಇಳಿಯುವವರಿಗೆ ಎರಡು ಮಾತು. ಬಾಟಲಿಯನ್ನು ಸೋಪಿನಲ್ಲಿ ತೊಳೆಯಬೇಡಿ, ಸೋಪಿನಲ್ಲೇ ಫಾಸ್ಫೇಟ್ ಇರಬಹುದು. ಕಿಟ್ ತೋರಿಸುವುದು ಫಾಸ್ಫೇಟ್ ಆದರೆ, ಅದನ್ನು 3ರಿಂದ ಭಾಗಿಸಿದರೆ ರಂಜಕ ಸುಮಾರಾಗಿ ಸಿಗುತ್ತದೆ.

ಮುಂದಿನ ಕೆಲಸ: ಕುಂಟೆಯ ಅರ್ಧ ಭಾಗದ ಜೊಂಡು ಮಾತ್ರ ಕೊಯ್ದು, ಮಳೆಗಾಲದಲ್ಲಿ ಎರಡೂ ಭಾಗದ ನೀರನ್ನು ಬೇರೆ ಬೇರೆ ಅಳೆಯುವುದು.