ಜಗಳ ಶುರುವಾಗುವುದು ಗೆರೆಯ ಆಚೆ

ಮಧುಗಿರಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮೇಷ್ಟ್ರು. ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟ ಶುರುವಾಯಿತೆಂದರೆ ತಂಡ ಕರೆದುಕೊಂಡು ಓಡಾಡುವುದರ ಜೊತೆಗೆ ಕಬಡ್ಡಿಗೆ ರೆಫರಿಯಾಗಿಯೂ ನಿಲ್ಲಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಹೊಡೆದ ಹುಡುಗನನ್ನು ಮಾತ್ರ ನೋಡಿದರೆ ಹೊಡೆದಾಟ ಯಾಕಾಯಿತು ಅಂತ ಗೊತ್ತಾಗುವುದಿಲ್ಲ. ಅವನ ಸುತ್ತ ಯಾರಿದ್ದರು, ಏನು ಕೂಗಿದರು ಅಂತ ನೋಡಬೇಕು.

ಕಬಡ್ಡಿಯಲ್ಲಿ ತಕರಾರು ಜಾಸ್ತಿ ಹುಟ್ಟುವುದು ಲಾಬಿಯಲ್ಲಿ, ಅಂದರೆ ಅಂಕಣದ ಎರಡೂ ಪಕ್ಕ ಬಿಟ್ಟಿರುವ ಪಟ್ಟಿಯಲ್ಲಿ. ರೈಡರ್ (ಎದುರು ಅಂಕಣಕ್ಕೆ ದಾಳಿಗೆ ಹೋಗುವವನು) ಮತ್ತು ಎದುರಾಳಿ ಮುಟ್ಟಿಕೊಳ್ಳುವ ಮುಂಚೆ ಲಾಬಿಗೆ ಕಾಲಿಟ್ಟರೆ ಔಟ್. ಮುಟ್ಟಿದ ಮೇಲೆ ಅದೇ ಲಾಬಿ ಅಂಕಣಕ್ಕೆ ಸೇರುತ್ತೆ. ಮುಟ್ಟಿದ್ದು ಮೊದಲೋ, ಕಾಲಿಟ್ಟಿದ್ದು ಮೊದಲೋ? ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗಿರುತ್ತೆ. ಅಷ್ಟೊತ್ತಿಗೆ ಸುಣ್ಣದ ಗೆರೆಯೂ ಅರ್ಧ ಅಳಿಸಿರುತ್ತೆ.

ಒಂದು ಸೆಮಿಫೈನಲ್‌ನಲ್ಲಿ ಹೀಗೇ ಆಯಿತು. ಕೊನೇ ನಿಮಿಷ, ಒಂದೇ ಪಾಯಿಂಟ್ ವ್ಯತ್ಯಾಸ. ರೈಡರ್ ಔಟ್ ಅಂತ ಅಂಪೈರ್ ಕೈ ಎತ್ತಿದರು. ಹುಡುಗ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಂದು ಕ್ಷಣ ನಿಂತ, ಮಣ್ಣು ಕೊಡವಿಕೊಂಡು ಹೊರಗೆ ಹೊರಟ. ತೀರ್ಪು ಒಪ್ಪಿದ್ದ. ಅಷ್ಟರಲ್ಲಿ ಗೆರೆಯ ಪಕ್ಕದಿಂದ ಅವನ ಊರಿನವರೊಬ್ಬರು, ‘ಏನ್ಲಾ, ಸುಮ್ನೆ ಬತ್ತೀಯಾ? ಗಂಡ್ಸಲ್ವೇನ್ಲಾ ನೀನು?’ ಅಂದರು. ಹುಡುಗ ತಿರುಗಿದವನೇ ಎದುರು ತಂಡದ ಕ್ಯಾಚರ್‌ನ ಎದೆಗೆ ಕೈ ಹಾಕಿದ. ಎರಡೂ ಕಡೆಯವರು ಒಳಗೆ ನುಗ್ಗಿದರು.

ಸೋತ ಸಿಟ್ಟು ಅವನಲ್ಲಿ ಇತ್ತು, ನಿಜ. 1939ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಡೊಲಾರ್ಡ್ ಮತ್ತು ಜೊತೆಗಾರರು, ಬೇಕಾದ್ದು ಕೈತಪ್ಪಿದಾಗಲೇ ಮನುಷ್ಯ ಮೈಮೇಲೆ ಬೀಳುತ್ತಾನೆ ಅಂತ ವಾದಿಸಿದ್ದರು. ಮನಶ್ಶಾಸ್ತ್ರಜ್ಞ ಲೆನರ್ಡ್ ಬರ್ಕೊವಿಟ್ಜ್ ಆಮೇಲೆ ಅದನ್ನು ತಿದ್ದಿದರು. ನಿರಾಸೆಯಿಂದ ಸಿಟ್ಟು ಬರುತ್ತೆ, ಆದರೆ ಅದು ಏಟಾಗಲು ಸುತ್ತಮುತ್ತ ಏನಾದರೊಂದು ಕೆರಳಿಸಬೇಕು ಅಂದರು. ಅಂಕಣದ ಪಕ್ಕ ನಿಂತವನಿಗೆ ಈ ಎರಡನೇ ಮಾತು ಎಷ್ಟು ನಿಜ ಅಂತ ಚೆನ್ನಾಗಿ ಗೊತ್ತು. ಆ ಹುಡುಗನಿಗೆ ಪಾಯಿಂಟ್ ಹೋಗಿದ್ದಕ್ಕಿಂತ ಊರಿನವರ ಮುಂದೆ ಮಾನ ಹೋಯಿತು ಅನ್ನೋದು ಚುಚ್ಚಿತ್ತು.

ಜನ ಗುಂಪಾದಾಗ ಒಬ್ಬೊಬ್ಬರೇ ಇದ್ದಾಗ ಮಾಡದ್ದನ್ನೆಲ್ಲ ಮಾಡುತ್ತಾರೆ. 1996ರ ವಿಶ್ವಕಪ್ ಸೆಮಿಫೈನಲ್ ನೆನಪಿದೆಯಲ್ವಾ? ಈಡನ್ ಗಾರ್ಡನ್ಸ್‌ನಲ್ಲಿ ಶ್ರೀಲಂಕಾ ಎದುರು ಭಾರತ 8 ವಿಕೆಟ್‌ಗೆ 120 ಆಗಿದ್ದಾಗ ಬಾಟಲಿ ಎಸೆದರು, ಸ್ಟ್ಯಾಂಡಿನಲ್ಲಿ ಬೆಂಕಿ ಹಚ್ಚಿದರು. ಕೊನೆಗೆ ಪಂದ್ಯವನ್ನು ಶ್ರೀಲಂಕಾಕ್ಕೆ ಕೊಡಬೇಕಾಯಿತು. ಅಲ್ಲಿ ಆಟಗಾರರು ಯಾರೂ ಜಗಳಕ್ಕೆ ಹೋಗಿರಲಿಲ್ಲ.

‘ಆಟದಲ್ಲಿ ಸಿಟ್ಟು ತೀರಿಸಿಕೊಳ್ಳಲಿ ಬಿಡಿ ಸಾರ್, ಒಳ್ಳೇದೇ’ ಅಂತ ಕೆಲವು ಪೋಷಕರು ಹೇಳುತ್ತಾರೆ. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ಸಿಟ್ಟನ್ನು ಹೊರಹಾಕಿದಷ್ಟೂ ಅದು ರೂಢಿಯಾಗುತ್ತೆ. 1961ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ನೋಡಿದ ಪುಟ್ಟ ಮಕ್ಕಳು ತಾವೂ ಹಾಗೇ ಹೊಡೆದವು, ಬಾಯಲ್ಲಿ ಅದೇ ಮಾತು ಆಡಿದವು. ನಮ್ಮ ಮಕ್ಕಳೂ ಮೈದಾನದಲ್ಲಿ ನಮ್ಮನ್ನೇ ನೋಡುತ್ತಿರುತ್ತಾರೆ. ಮೇಷ್ಟ್ರೇ ಅಂಪೈರ್ ಮೇಲೆ ರೇಗಾಡಿದರೆ ಹುಡುಗರಿಗೆ ಇನ್ನೇನು ಹೇಳೋದು?

ಹಾಗಾಗಿ ನಮ್ಮ ಕಡೆಯ ಪಂದ್ಯಗಳಲ್ಲಿ ನಾವು ಕೆಲವು ಮೇಷ್ಟ್ರುಗಳು ಒಂದಿಷ್ಟು ಪದ್ಧತಿ ಇಟ್ಟುಕೊಂಡಿದ್ದೇವೆ. ಅರ್ಧ ಆಟ ಮುಗಿದ ಕೂಡಲೇ ಸುಣ್ಣದ ಗೆರೆ ಮತ್ತೆ ಎಳೆಯುತ್ತೇವೆ. ಅಂಕಣದಿಂದ ಸಾಕಷ್ಟು ದೂರಕ್ಕೆ ಹಗ್ಗ ಕಟ್ಟಿ ಜನರನ್ನು ಅದರ ಆಚೆ ನಿಲ್ಲಿಸುತ್ತೇವೆ. ಲಾಬಿ ತೀರ್ಪು ಕೊಟ್ಟಾಗ ಇಬ್ಬರು ಕ್ಯಾಪ್ಟನ್‌ಗಳನ್ನೂ ಕರೆದು, ‘ಕಾಲು ಮೊದಲು ಬಿತ್ತು, ಆಮೇಲೆ ಮುಟ್ಟಿದ’ ಅಂತ ಒಂದೇ ಮಾತಲ್ಲಿ ಹೇಳುತ್ತೇವೆ. ಯಾಕೆ ಸೋತೆ ಅಂತ ಗೊತ್ತಾದ ಹುಡುಗ ಮೋಸ ಆಯಿತು ಅಂತ ಕೊರಗುವುದಿಲ್ಲ. ಹಸಿರು ಕಾರ್ಡ್ ತೋರಿಸುವುದಕ್ಕೂ ತಡ ಮಾಡಲ್ಲ. ಮೊದಲ ತಳ್ಳಾಟಕ್ಕೇ ಎಚ್ಚರಿಕೆ ಬಿದ್ದರೆ, ಹಳದಿ ಕಾರ್ಡ್ ತಗೊಂಡು 2 ನಿಮಿಷ ಹೊರಗೆ ಕೂರುವ ಪ್ರಸಂಗ ಕಡಿಮೆ.

ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಮಿಶ್ರ ತಂಡ. 1954ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಮುಜಾಫರ್ ಶೆರಿಫ್ ಎಂಬ ಸಂಶೋಧಕರು 11-12 ವರ್ಷದ ಹುಡುಗರನ್ನು ಎರಡು ಗುಂಪು ಮಾಡಿ ಕ್ಯಾಂಪಿನಲ್ಲಿಟ್ಟು ಪಂದ್ಯ ಆಡಿಸಿದ್ದರು. ಹಗ್ಗಜಗ್ಗಾಟದಲ್ಲಿ ಸೋತವರು ಗೆದ್ದವರ ಬಾವುಟ ಸುಟ್ಟರು. ಒಟ್ಟಿಗೆ ಕೂರಿಸಿ ಊಟ ಹಾಕಿದರೂ ದ್ವೇಷ ಇಳಿಯಲಿಲ್ಲ. ಊಟ ತರಬೇಕಿದ್ದ ಲಾರಿ ಕೆಟ್ಟು ನಿಂತಂತೆ ಮಾಡಿದಾಗ ಎರಡೂ ಗುಂಪು ಸೇರಿ ಅದನ್ನು ಎಳೆದವು. ಅಂಥ ಕೆಲಸಗಳನ್ನು ಮತ್ತೆ ಮತ್ತೆ ಕೊಟ್ಟ ಮೇಲೆ ಜಗಳ ತಣ್ಣಗಾಯಿತು. ನಾವೂ ಫೈನಲ್ ಮುಗಿದ ಮೇಲೆ ಎರಡೂ ಶಾಲೆಯವರನ್ನು ಬೆರೆಸಿ ಒಂದು ಸಣ್ಣ ಪಂದ್ಯ ಆಡಿಸುತ್ತೇವೆ. ಬೆಳಿಗ್ಗೆ ಗುರಾಯಿಸುತ್ತಿದ್ದವರು ಸಂಜೆ ಒಬ್ಬರ ಕೈ ಒಬ್ಬರು ಹಿಡಿದು ಚೈನ್ ಕಟ್ಟಿ ರೈಡರ್‌ನ ಹಿಡಿಯುತ್ತಾರೆ.

ಇನ್ನೂ ಕೈಗೆ ಸಿಗದಿರುವುದು ಹಬ್ಬ, ಜಾತ್ರೆಯಲ್ಲಿ ನಡೆಯುವ ಊರಿನ ಟೂರ್ನಮೆಂಟುಗಳು. ಅಲ್ಲಿ ಬಹುಮಾನದ ದುಡ್ಡು, ಬಾಜಿ, ಊರಿನ ಹೆಸರು ಮೂರೂ ಸೇರಿಕೊಳ್ಳುತ್ತವೆ. ಈ ಸಲ ಗಣೇಶನ ಹಬ್ಬಕ್ಕೆ ಮುಂಚೆಯೇ ಸಂಘದ ಹುಡುಗರನ್ನು ಕೂರಿಸಿಕೊಂಡು ಹಗ್ಗದ ವಿಷಯ, ಹೊರಗಿನ ಅಂಪೈರ್ ವಿಷಯ ಮಾತಾಡಬೇಕು ಅಂತಿದ್ದೇವೆ. ನಿಮ್ಮ ಊರಿನಲ್ಲಿ ಯಾರಾದರೂ ಹೀಗೆ ನಡೆಸಿದ್ದರೆ ದಯವಿಟ್ಟು ತಿಳಿಸಿ.